ರಬ್ಬರು ಕಲಿಸಿದ ಪಾಠ

— ಒಬ್ಬ ಹಳೆಯ ವಿದ್ಯಾರ್ಥಿನಿ

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಇದೇ ಶಾಲೆಯಲ್ಲಿ ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಕೇಳಿದ್ದರು. ನಾನು ಒಂದು ಪುಟ ತುಂಬ ಬರೆದೆ. ಒಳ್ಳೆಯ ಅಂಕಗಳೂ ಬಂದವು. ಆದರೆ ಆ ಗಾದೆಯ ನಿಜವಾದ ಅರ್ಥ ತಿಳಿಯಲು ನಾನು ಮುಂದೆ 6,400 ರೂಪಾಯಿಗಳನ್ನು ತೆರಬೇಕಾಯಿತು. ಆ ಹಣ ನನ್ನದಲ್ಲ, ನನ್ನ ತಂದೆಯವರದು. ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿ ಕಳುಹಿಸಿದಾಗ, ನನ್ನ ತಮ್ಮ ತಂಗಿಯರಿಗೆ ಉಪಯೋಗವಾದೀತೆಂದು ಆ ಕಥೆಯನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮೂರು ಹೊಸೂರಿನಿಂದ ಬಾಗಲೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಗಡಿನಾಡಿನ ಮಕ್ಕಳಿಗೆ ಇದೇನೂ ಹೊಸದಲ್ಲ. ತಂದೆಯವರು ಗುಲಾಬಿ ತೋಟವೊಂದರಲ್ಲಿ ಕೂಲಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಹೊದಿಕೆಯ ದೊಡ್ಡ ದೊಡ್ಡ ಮನೆಗಳೊಳಗೆ ಬೆಳೆಯುವ ನಮ್ಮ ಸೀಮೆಯ ಗುಲಾಬಿ ಪ್ರತಿ ವರ್ಷ ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಹೊರದೇಶಗಳಿಗೂ ಹೋಗುತ್ತದೆಂಬುದು ನಿಮಗೆಲ್ಲ ಗೊತ್ತು. ಜನವರಿ ಕೊನೆಯಿಂದ ಎರಡು ವಾರ ಅಲ್ಲಿ ಹಗಲು ರಾತ್ರಿ ಎನ್ನದೆ ಕೆಲಸ. ನಮ್ಮ ಮನೆಯಲ್ಲಿ ಸಾಲ ತೀರುವುದೂ, ಬಟ್ಟೆ ಬರುವುದೂ ಆ ಎರಡು ವಾರಗಳ ಹೆಚ್ಚುವರಿ ಕೂಲಿಯಿಂದಲೇ.

ತಮಿಳುನಾಡು ಸರ್ಕಾರವು 2011ನೆಯ ಇಸವಿ ಸೆಪ್ಟೆಂಬರ್ 15ರಂದು ಸರ್ಕಾರಿ ಮತ್ತು ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ನಾನು ಹನ್ನೆರಡನೆಯ ತರಗತಿಯಲ್ಲಿದ್ದಾಗ, 2016ರಲ್ಲಿ, ನನಗೂ ಒಂದು ಬಂತು. ನಮ್ಮ ತಾಯಿ ಅದರ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನ ಪಕ್ಕದಲ್ಲಿಟ್ಟರು. ಒಂದು ವಾರ ಅದನ್ನು ಯಾರೂ ತೆರೆಯಲಿಲ್ಲ. ಮುಂದೆ ಪದವಿಗೆ ಸೇರಿ ವಾಣಿಜ್ಯಶಾಸ್ತ್ರ ತೆಗೆದುಕೊಂಡ ಮೇಲೆ ಅದೇ ನನ್ನ ಬಲಗೈಯಾಯಿತು. ಲೆಕ್ಕಪತ್ರಗಳನ್ನು ಅದರಲ್ಲೇ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಮನೆಯ ಹುಡುಗರ ಅರ್ಜಿಗಳನ್ನೂ ಅದರಲ್ಲೇ ತುಂಬಿಕೊಡುತ್ತಿದ್ದೆ.

2018ರ ಫೆಬ್ರವರಿಯಲ್ಲಿ ಒಂದು ಸಂಜೆ ಅದು ಇದ್ದಕ್ಕಿದ್ದಂತೆ ಮುನಿಸಿಕೊಂಡಿತು. ಗುಂಡಿ ಒತ್ತಿದರೆ ದೀಪ ಹೊತ್ತುತ್ತಿತ್ತು, ಒಳಗೆ ಫ್ಯಾನು ತಿರುಗುವ ಸದ್ದೂ ಕೇಳುತ್ತಿತ್ತು, ಆದರೆ ಪರದೆ ಮಾತ್ರ ಅಮಾವಾಸ್ಯೆಯ ಕತ್ತಲು. ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. ನನಗೆ ಅಳುವೇ ಬಂತು. ಮರುದಿನ ತಂದೆಯವರು ಅರ್ಧ ದಿನದ ಕೂಲಿ ಬಿಟ್ಟು ನನ್ನನ್ನು ಹೊಸೂರಿಗೆ ಕರೆದುಕೊಂಡು ಹೋದರು.

ನಾವು ಹೋದ ಅಂಗಡಿಯ ಹೆಸರು ಇಲ್ಲಿ ಬೇಡ. ಗಾಜಿನ ಬಾಗಿಲು, ತಂಪು ಯಂತ್ರ, ಗೋಡೆಯ ತುಂಬ ಬಣ್ಣದ ಚಿತ್ರಗಳು. ಕತ್ತಿಗೆ ಟೈ ಕಟ್ಟಿದ ಯುವಕನೊಬ್ಬ ಲ್ಯಾಪ್‌ಟಾಪನ್ನು ಒಳಗಿನ ಕೋಣೆಗೆ ತೆಗೆದುಕೊಂಡು ಹೋದ. ‘ಗ್ರಾಹಕರಿಗೆ ಪ್ರವೇಶವಿಲ್ಲ’ ಎಂದು ಆ ಕೋಣೆಯ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಹತ್ತು ನಿಮಿಷದಲ್ಲಿ ಹೊರಗೆ ಬಂದವನು ವೈದ್ಯರು ಕೆಟ್ಟ ಸುದ್ದಿ ಹೇಳುವ ಧಾಟಿಯಲ್ಲಿ, “ಮದರ್‌ಬೋರ್ಡ್ ಹೋಗಿದೆ” ಎಂದ. ಅದನ್ನು ಬದಲಾಯಿಸಲು 3,500 ರೂಪಾಯಿ. ಹೇಗೂ ಬಿಚ್ಚುತ್ತೇವೆ, ಎರಡು ಜಿಬಿ ಮೆಮೊರಿಯನ್ನು ತೆಗೆದು ನಾಲ್ಕು ಜಿಬಿ ಹಾಕಿಸಿಕೊಂಡರೆ ವೇಗ ಹೆಚ್ಚುತ್ತದೆ, ಅದಕ್ಕೆ 1,800. ವಿಂಡೋಸ್ ಹೊಸದಾಗಿ ಹಾಕಲು 500. ವೈರಸ್ ತಡೆಯುವ ತಂತ್ರಾಂಶಕ್ಕೆ 600. ಒಟ್ಟು 6,400.

ತಂದೆಯವರು ನನ್ನ ಮುಖ ನೋಡಿದರು. “ಏನಮ್ಮಾ, ಸರಿಯಾ ಇದು?” ಎಂದು ಕನ್ನಡದಲ್ಲಿ ಕೇಳಿದರು. ಕಾಲೇಜು ಓದುವ ಮಗಳಿಗೆ ಗೊತ್ತಿರುತ್ತದೆಂಬ ನಂಬಿಕೆ ಅವರದು. ನನಗೋ ಮದರ್‌ಬೋರ್ಡ್ ಎಂಬ ಶಬ್ದ ಗೊತ್ತಿತ್ತೇ ಹೊರತು ಅದು ಚೌಕವೋ ದುಂಡಗೋ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಯಿತು. “ಸರಿಯಪ್ಪಾ” ಎಂದುಬಿಟ್ಟೆ. ಈಗ ಯೋಚಿಸಿದರೆ, ಆ ಯುವಕನ ಸುಳ್ಳಿಗಿಂತ ಮೊದಲು ಅಲ್ಲಿ ನನ್ನ ಸುಳ್ಳೊಂದು ಕೆಲಸ ಮಾಡಿತ್ತು.

ಮೂರು ದಿನ ಬಿಟ್ಟು ಹೋದಾಗ ಲ್ಯಾಪ್‌ಟಾಪು ಹೊತ್ತಿಕೊಂಡಿತು. ನಮಗೆ ಅಷ್ಟೇ ಸಾಕಾಗಿತ್ತು. ತಂದೆಯವರು ಬಿಲ್ ಕೇಳಿದರು. “ಬಿಲ್ ಬೇಕಾದರೆ ಜಿ.ಎಸ್.ಟಿ. ಶೇಕಡ 18 ಸೇರುತ್ತದೆ. ಇನ್ನೂ 1,152 ರೂಪಾಯಿ ಆಗುತ್ತದೆ. ಬೇಕಾ?” ಎಂದ. ಯಾರಿಗೆ ತಾನೇ ಬೇಕು? ಬೇಡವೆಂದೆವು. 1,152 ರೂಪಾಯಿ ಉಳಿಸಿದೆವೆಂದು ದಾರಿಯುದ್ದಕ್ಕೂ ತಂದೆಯವರು ಸಂತೋಷಪಟ್ಟರು. ಆಗ ಅವರ ದಿನಗೂಲಿ 320 ರೂಪಾಯಿ. ಅಂದರೆ ಕೊಟ್ಟ ಹಣ ಸರಿಯಾಗಿ ಇಪ್ಪತ್ತು ದಿನಗಳ ದುಡಿಮೆ. ಆ ವರ್ಷದ ಗುಲಾಬಿ ಹಂಗಾಮಿನ ಹೆಚ್ಚುವರಿ ಕೂಲಿಯೆಲ್ಲ ಅದಕ್ಕೇ ಹೋಯಿತು. ಯುಗಾದಿಗೆ ತಾಯಿಯವರು ಹಳೆಯ ಸೀರೆಯನ್ನೇ ಉಟ್ಟರು.

ಜೂನ್ ತಿಂಗಳಲ್ಲಿ ಲ್ಯಾಪ್‌ಟಾಪು ಮತ್ತೆ ಹಾಗೆಯೇ ಕೆಟ್ಟಿತು. ಅದೇ ದೀಪ, ಅದೇ ಫ್ಯಾನಿನ ಸದ್ದು, ಅದೇ ಕತ್ತಲೆ. ಈ ಸಲ ತಂದೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಸೋದರತ್ತೆಯ ಮಗನಿಗೆ ತಿಳಿಸಿದೆ. ಅವನು ಎಸ್.ಪಿ. ರಸ್ತೆಗೆ ಬಾ ಎಂದ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರಿನಿಂದ ಅದನ್ನು ಕರೆಯುವವರು ಈಗ ಕಡಿಮೆ. ಬೆಂಗಳೂರಿನಲ್ಲಿ ಗಣಕಯಂತ್ರದ ಬಿಡಿ ಭಾಗಗಳಿಗೆ ಅದೇ ಹೆಸರಾದ ಜಾಗ. ಹೊಸೂರಿನಿಂದ ಬಸ್ಸು ಹತ್ತಿ, ಅತ್ತಿಬೆಲೆಯ ಗಡಿ ದಾಟಿ, ಮಾರುಕಟ್ಟೆಯ ಬಳಿ ಇಳಿದು, ಹೂವಿನ ರಾಶಿಗಳ ನಡುವೆ ದಾರಿ ಮಾಡಿಕೊಂಡು ನಡೆದು ಹೋದೆವು.

ಅಲ್ಲಿ ಮೆಟ್ಟಿಲ ಕೆಳಗಿನ ಪುಟ್ಟ ಜಾಗದಲ್ಲಿ ಒಬ್ಬ ಹಿರಿಯರು ಕುಳಿತಿದ್ದರು. ಒಳಕೋಣೆಯೂ ಇಲ್ಲ, ಗಾಜಿನ ಬಾಗಿಲೂ ಇಲ್ಲ. “ಇಲ್ಲೇ ನಿಂತು ನೋಡಮ್ಮ” ಎಂದರು. ಬ್ಯಾಟರಿ ತೆಗೆದರು. ಕೆಳಗಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿದರು. ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಹೊರಗೆಳೆದು ನನ್ನ ಕೈಗೇ ಕೊಟ್ಟರು. ಅದೇ ಮೆಮೊರಿ. ಅದರ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿದ್ದವು. ಆ ಹಲ್ಲುಗಳ ಮೂಲಕವೇ ಮೆಮೊರಿಯು ಮದರ್‌ಬೋರ್ಡಿನೊಡನೆ ಮಾತನಾಡುವುದಂತೆ. ಧೂಳು ಮತ್ತು ತೇವ ಸೇರಿ ಅಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟಿಕೊಂಡರೆ ಮಾತು ನಿಂತುಹೋಗುತ್ತದೆ. ಯಂತ್ರಕ್ಕೆ ಮೆಮೊರಿಯೇ ಇಲ್ಲದಂತಾಗಿ ಪರದೆ ಕಪ್ಪಾಗಿಯೇ ಇರುತ್ತದೆ. ಅವರು ಮೇಜಿನ ಸೆಳೆಖಾನೆಯಿಂದ ಪೆನ್ಸಿಲ್ ಅಳಿಸುವ ಬಿಳಿ ರಬ್ಬರೊಂದನ್ನು ತೆಗೆದು ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದರು, ರಬ್ಬರಿನ ಪುಡಿಯನ್ನು ಒರೆಸಿದರು, ಪಟ್ಟಿಯನ್ನು ತಿರುಗಿ ಕೂರಿಸಿದರು. ಗುಂಡಿ ಒತ್ತಿದರೆ ಪರದೆ ಬೆಳಗಿತು! ಒಟ್ಟು ಐದು ನಿಮಿಷವೂ ಆಗಿರಲಿಲ್ಲ.

ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನವಾಯಿತು. ಫೆಬ್ರವರಿಯ ಕಥೆಯನ್ನೆಲ್ಲ ಹೇಳಿದೆ. ಹಿರಿಯರು ಏನೂ ಹೇಳದೆ ಎರಡು ವಿಷಯಗಳನ್ನು ತೋರಿಸಿದರು. ಮೊದಲನೆಯದು, ಯಂತ್ರ ಹೊತ್ತಿಕೊಳ್ಳುವಾಗಲೇ ಒಂದು ಗುಂಡಿ ಒತ್ತಿದರೆ ಬರುವ ಬಯಾಸ್ ಎಂಬ ಪುಟ. ಅಲ್ಲಿ ಕಾಣುವ ಕ್ರಮಸಂಖ್ಯೆಯನ್ನು ಕಾರ್ಖಾನೆಯಲ್ಲಿ ಮದರ್‌ಬೋರ್ಡಿನಲ್ಲಿಯೇ ಬರೆದಿರುತ್ತಾರೆ. ಅದೇ ಸಂಖ್ಯೆ ಲ್ಯಾಪ್‌ಟಾಪಿನ ಹೊಟ್ಟೆಯ ಮೇಲಿನ ಚೀಟಿಯಲ್ಲೂ ಇರುತ್ತದೆ. ಬೋರ್ಡ್ ಬದಲಾಗಿದ್ದರೆ ಸಾಮಾನ್ಯವಾಗಿ ಅವೆರಡೂ ಹೊಂದುವುದಿಲ್ಲ. ನಮ್ಮದರಲ್ಲಿ ಒಂದಂಕಿಯೂ ವ್ಯತ್ಯಾಸವಿರಲಿಲ್ಲ. ಎರಡನೆಯದು, ವಿಂಡೋಸಿನಲ್ಲಿ ಯಂತ್ರದ ವಿವರ ತೋರಿಸುವ ಪುಟ. ಅಲ್ಲಿ ಮೆಮೊರಿ ಎರಡು ಜಿಬಿ ಎಂದು ಸ್ಪಷ್ಟವಾಗಿ ಬರೆದಿತ್ತು.

ನಾಲ್ಕು ತಿಂಗಳು ದಿನವೂ ನಾನು ಆ ಪರದೆಯ ಮುಂದೆ ಕುಳಿತಿದ್ದೆ. ಆ ‘2’ ಎಂಬ ಅಂಕಿ ಅಲ್ಲಿಯೇ ಇತ್ತು. ಎಲ್ಲಿ ನೋಡಬೇಕೆಂದು ನನಗೆ ತಿಳಿದಿರಲಿಲ್ಲ, ತಿಳಿಯಬೇಕೆಂಬ ಹಂಬಲವೂ ಇರಲಿಲ್ಲ. ಕಣ್ಣಿದ್ದೂ ಕುರುಡಿಯಾಗಿದ್ದೆ.

ಇಲ್ಲಿಯೇ ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಷ್ಟಾಯಿತು ಎಂದು ಕೇಳಿದಾಗ ಆ ಹಿರಿಯರು 200 ರೂಪಾಯಿ ಎಂದರು. ತಕ್ಷಣ ನನ್ನ ಬಾಯಿಂದ ಬಂದ ಮಾತು, “ಬರೀ ರಬ್ಬರಿನಲ್ಲಿ ಉಜ್ಜಿದ್ದಕ್ಕೆ ಇನ್ನೂರಾ?” ಅವರು ನಕ್ಕು, “ಒಳಗೆ ತೆಗೆದುಕೊಂಡು ಹೋಗಿ ಎರಡು ದಿನ ಇಟ್ಟುಕೊಂಡಿದ್ದರೆ ಎರಡು ಸಾವಿರಕ್ಕೂ ಹೀಗೆ ಕೇಳುತ್ತಿರಲಿಲ್ಲವಲ್ಲಮ್ಮ” ಎಂದರು. ನಾನು ತಲೆ ತಗ್ಗಿಸಿದೆ. ಸುಳ್ಳು ಹೇಳಿದವನಿಗೆ 6,400 ರೂಪಾಯಿಗಳನ್ನು ಎರಡು ಮಾತಾಡದೆ ಎಣಿಸಿ ಕೊಟ್ಟು ಬಂದಿದ್ದೆವು. ನಿಜವನ್ನು ಕಣ್ಣೆದುರಿಗೆ ಮಾಡಿ ತೋರಿಸಿದವರ ಹತ್ತಿರ 200 ರೂಪಾಯಿಗೆ ಚೌಕಾಸಿಗೆ ಇಳಿದಿದ್ದೆ. ನಾವು ಹೀಗೆ ನಡೆದುಕೊಳ್ಳುತ್ತಾ ಹೋದರೆ ಪ್ರಾಮಾಣಿಕನಾದವನು ಎಷ್ಟು ದಿನ ಬಾಗಿಲು ತೆರೆದಿಟ್ಟಾನು? ಅವನೂ ಒಂದು ಒಳಕೋಣೆ ಕಟ್ಟಿಸಿಕೊಳ್ಳುವುದಿಲ್ಲವೇ?

ಹೊಸೂರಿಗೆ ಹಿಂತಿರುಗಿ ತಂದೆಯವರಿಗೆ ನಡೆದದ್ದನ್ನು ಹೇಳಿದೆ. ಮರುದಿನ ಇಬ್ಬರೂ ಆ ಅಂಗಡಿಗೆ ಹೋದೆವು. ತೆಗೆದ ಹಳೆಯ ಬೋರ್ಡ್ ಎಲ್ಲಿ ಎಂದು ಕೇಳಿದೆ. ಗುಜರಿಗೆ ಹಾಕಿದೆವೆಂದ. ಮೆಮೊರಿ ಎರಡೇ ಇದೆಯಲ್ಲ ಎಂದೆ. “ನಾವು ನಾಲ್ಕು ಹಾಕಿದ್ದೆವು. ನಡುವೆ ಬೇರೆ ಯಾರ ಹತ್ತಿರ ಬಿಚ್ಚಿಸಿದ್ದೀರೋ ಏನೋ” ಎಂದ. ನಿಜವೇ, ಬಿಚ್ಚಿಸಿದ್ದೆವು. ಕೊನೆಗೆ ಒಂದೇ ಮಾತು ಕೇಳಿದ: “ಬಿಲ್ ಇದೆಯಾ?”

ಇರಲಿಲ್ಲ. 1,152 ರೂಪಾಯಿ ಉಳಿಸಿದೆವೆಂದು ಸಂತೋಷಪಟ್ಟಿದ್ದೆವಲ್ಲ, ಆ ಉಳಿತಾಯದಲ್ಲೇ ನಮ್ಮ 6,400 ಮುಳುಗಿ ಹೋಗಿತ್ತು. ತಂದೆಯವರು ಜಗಳವಾಡಲಿಲ್ಲ. ಹೊರಗೆ ಬಂದ ಮೇಲೆ, “ಹೂವಲ್ಲಿ ಹುಳ ಬಿದ್ದರೆ ನನಗೆ ಗೊತ್ತಾಗ್ತದೆ. ಇದರೊಳಗೆ ಏನು ಬಿದ್ದೈತೋ ನನಗೆ ಹೆಂಗೆ ಗೊತ್ತಾಗಬೇಕು? ನಿನಗಾದರೂ ಗೊತ್ತಾಗಲಿ ಅಂತ ತಾನೇ ಓದಿಸ್ತಿರೋದು” ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಡವರು, ಹಳ್ಳಿಯವರು, ಭಾಷೆ ಬಾರದವರು ಎಂಬ ಕಾರಣಕ್ಕೆ ನಮಗೆ ಮಾತ್ರ ಹೀಗಾಯಿತೆಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಈ ರೋಗ ದೊಡ್ಡ ದೊಡ್ಡ ದೇಶಗಳಲ್ಲೂ ಇದೆ. 2009ರಲ್ಲಿ ಲಂಡನ್ನಿನಲ್ಲಿ ಸ್ಕೈ ನ್ಯೂಸ್ ಎಂಬ ದೂರದರ್ಶನ ಸಂಸ್ಥೆಯವರು ಒಂದು ಲ್ಯಾಪ್‌ಟಾಪಿನ ಮೆಮೊರಿ ಪಟ್ಟಿಯನ್ನು ಬೇಕೆಂದೇ ಸಡಿಲ ಮಾಡಿ ಹಲವು ರಿಪೇರಿ ಅಂಗಡಿಗಳಿಗೆ ಕೊಟ್ಟು ನೋಡಿದರು. ಪಟ್ಟಿಯನ್ನು ಒತ್ತಿ ಕೂರಿಸಿದರೆ ಮುಗಿಯುವ ಕೆಲಸ. ಆದರೂ ಹೊಸ ಮದರ್‌ಬೋರ್ಡೇ ಬೇಕೆಂದು ಹೇಳಿದವರು ಅಲ್ಲಿಯೂ ಇದ್ದರು! ಅಮೆರಿಕದಲ್ಲಿ ಆಫೀಸ್ ಡಿಪೋ ಎಂಬ ಭಾರಿ ಅಂಗಡಿಗಳ ಸರಣಿಯೊಂದಿದೆ. ಗಣಕಯಂತ್ರವನ್ನು ಉಚಿತವಾಗಿ ಪರೀಕ್ಷಿಸುತ್ತೇವೆಂದು ಅಲ್ಲಿ ಒಂದು ತಂತ್ರಾಂಶವನ್ನು ಓಡಿಸುತ್ತಿದ್ದರು. ಮೊದಲು ಗ್ರಾಹಕರಿಗೆ ನಾಲ್ಕು ಪ್ರಶ್ನೆಗಳು: ಯಂತ್ರ ನಿಧಾನವಾಗಿದೆಯೇ, ಆಗಾಗ ನಿಂತುಹೋಗುತ್ತದೆಯೇ, ಹೀಗೆ. ಒಂದಕ್ಕೆ ಹೌದೆಂದರೂ ಸಾಕು, ಪರೀಕ್ಷೆಯಲ್ಲಿ ಏನೇ ಇರಲಿ, ಕೆಟ್ಟ ತಂತ್ರಾಂಶದ ಲಕ್ಷಣ ಸಿಕ್ಕಿದೆ ಎಂಬ ಫಲಿತಾಂಶ ಬರುತ್ತಿತ್ತು. ಅದನ್ನು ತೆಗೆಸಲು ಜನರು ನೂರಾರು ಡಾಲರುಗಳವರೆಗೆ ತೆತ್ತರು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯವನ್ನು ಕೈಗೆತ್ತಿಕೊಂಡಿತು. 2019ರಲ್ಲಿ ಆಫೀಸ್ ಡಿಪೋ 2.5 ಕೋಟಿ ಡಾಲರುಗಳನ್ನೂ, ಆ ತಂತ್ರಾಂಶವನ್ನು ಒದಗಿಸಿದ ಕಂಪನಿ 1 ಕೋಟಿ ಡಾಲರುಗಳನ್ನೂ ಕಟ್ಟಲು ಒಪ್ಪಿಕೊಂಡವು.

ಇದನ್ನೆಲ್ಲ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತರಕಾರಿ ಅಂಗಡಿಯಲ್ಲಿ ಕೊಳೆತ ಟೊಮೇಟೊ ಕೊಟ್ಟರೆ ನಮ್ಮ ರಾಯಕೋಟೆಯ ಕಡೆಯ ಮೂರು ವರ್ಷದ ಮಗುವೂ ಗುರುತಿಸೀತು. ರಿಪೇರಿಯಲ್ಲಿ ಹಾಗಲ್ಲ. ಏನು ಕೆಟ್ಟಿದೆ ಎಂದು ಹೇಳುವವನೂ ಅವನೇ, ಅದಕ್ಕೆ ಏನು ಬೇಕೆಂದು ನಿರ್ಧರಿಸುವವನೂ ಅವನೇ, ಮಾರುವವನೂ ಅವನೇ, ಸರಿಯಾಯಿತೆಂದು ಸಾಕ್ಷಿ ಹೇಳುವವನೂ ಅವನೇ. ಇಂಥ ಕಡೆ ಮೋಸ ಸುಲಭ. ಹಾಗೆಂದು ರಿಪೇರಿಯವರೆಲ್ಲ ಮೋಸಗಾರರಲ್ಲ. ಕೆಲವೊಮ್ಮೆ ಮದರ್‌ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಅದನ್ನು ಸರಿಪಡಿಸುವುದು ಕಷ್ಟದ ವಿದ್ಯೆ. ವಿದ್ಯೆಗೆ ಕೂಲಿ ಸಲ್ಲಲೇಬೇಕು. ಅಂಗಡಿಯ ಬಾಡಿಗೆ, ಕಲಿತ ವರ್ಷಗಳು, ಕಣ್ಣು ನೋವು ಎಲ್ಲಕ್ಕೂ ಬೆಲೆಯಿದೆ. ಅವರ ತಿಳಿವಳಿಕೆಗೆ ಬೆಲೆ ಕೇಳಿದರೆ ಕೊಡೋಣ. ನಮ್ಮ ತಿಳಿಗೇಡಿತನಕ್ಕೆ ಬೆಲೆ ಕಟ್ಟಿದರೆ ಮಾತ್ರ ಏಕೆ ಎಂದು ಕೇಳಬೇಕು.

ಇನ್ನು ಕಾನೂನಿನ ಮಾತು. ನಮ್ಮ ದೇಶದಲ್ಲಿ ಗ್ರಾಹಕರ ರಕ್ಷಣೆಗೆ 1986ರಲ್ಲೇ ಕಾಯಿದೆ ಬಂದಿತ್ತು. ಈಗಿರುವುದು 2019ರ ಹೊಸ ಕಾಯಿದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಬಿಲ್ ಕೊಡದಿರುವುದೇ ಒಂದು ಅನುಚಿತ ವ್ಯಾಪಾರ. ಜಿ.ಎಸ್.ಟಿ. ನೋಂದಣಿ ಇರುವ ಅಂಗಡಿಯವನು ಬಿಲ್ ಕೊಟ್ಟರೂ ಕೊಡದಿದ್ದರೂ ತೆರಿಗೆ ಕಟ್ಟಬೇಕಾದವನೇ. ನೋಂದಣಿ ಇಲ್ಲದವನು ತೆರಿಗೆಯೆಂದು ಒಂದು ಪೈಸೆಯನ್ನೂ ಕೇಳುವಂತಿಲ್ಲ. ಆದ್ದರಿಂದ ‘ಬಿಲ್ ಬೇಕಾದರೆ ಶೇಕಡ 18 ಹೆಚ್ಚು’ ಎಂಬ ಮಾತು ಗ್ರಾಹಕನ ಬಾಯಿ ಮುಚ್ಚಿಸುವ ಉಪಾಯ. ದೂರು ಹೇಳಲು 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತನಾಡಬಹುದು. ಅದರಿಂದ ಆಗದಿದ್ದರೆ ಕೃಷ್ಣಗಿರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಆ ಯುವಕ ಕೇಳಿದ ಪ್ರಶ್ನೆಯನ್ನೇ: ಬಿಲ್ ಇದೆಯೇ?

ಆ ಜೂನ್ ತಿಂಗಳ ನಂತರ ನಾನು ಪುಸ್ತಕ ನೋಡಿ, ಬಲ್ಲವರನ್ನು ಕೇಳಿ, ಲ್ಯಾಪ್‌ಟಾಪು ಬಿಚ್ಚಿ ಜೋಡಿಸುವುದನ್ನು ಅಷ್ಟಿಷ್ಟು ಕಲಿತೆ. ಅದೇ ಸರ್ಕಾರಿ ಲ್ಯಾಪ್‌ಟಾಪುಗಳು ನಮ್ಮೂರಿನಲ್ಲಿ ಇನ್ನೂ ಹಲವು ಮನೆಗಳಲ್ಲಿದ್ದವು. ಒಂದು ದಿನ ನೆರೆಯ ಬೀದಿಯ ತಾಯಿಯೊಬ್ಬರು ಮಗಳ ಲ್ಯಾಪ್‌ಟಾಪು ತಂದರು. ಅದೇ ಕಪ್ಪು ಪರದೆ. ಅವರು ಸೆರಗಿನ ಗಂಟು ಬಿಚ್ಚುತ್ತಾ, “ಎಷ್ಟಾದರೂ ಆಗಲಿ ತಾಯಿ, ಸರಿ ಮಾಡಿಕೊಡು” ಎಂದರು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ 500 ಎಂಬ ಅಂಕಿ ಸುಳಿದು ಹೋಯಿತು. ಕಾಲೇಜಿನ ಶುಲ್ಕ ಬಾಕಿಯಿತ್ತು. ಒಳಗೆ ತೆಗೆದುಕೊಂಡು ಹೋಗಿ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದರೆ ಸಾಕು. ಅವರು ಕೈಮುಗಿದು ಕೊಟ್ಟು ಹೋಗುತ್ತಿದ್ದರು. ಮೋಸ ಮಾಡಲು ಮನುಷ್ಯ ಬಹಳ ಕೆಟ್ಟವನಾಗಿರಬೇಕಿಲ್ಲ, ಎದುರಿನವರಿಗೆ ಗೊತ್ತಾಗುವುದಿಲ್ಲವೆಂಬ ಧೈರ್ಯ ಒಂದಿದ್ದರೆ ಸಾಕೆಂದು ಅಂದು ತಿಳಿಯಿತು. ನಾನು ಚಾಪೆ ಹಾಸಿ ಅವರ ಮುಂದೆಯೇ ಬಿಚ್ಚಿದೆ. ತಮ್ಮನ ಜಾಮಿಟ್ರಿ ಪೆಟ್ಟಿಗೆಯಿಂದ ರಬ್ಬರು ತರಿಸಿ ಅವರ ಮಗಳ ಕೈಯಲ್ಲೇ ಉಜ್ಜಿಸಿದೆ. ಐವತ್ತು ರೂಪಾಯಿ ಕೇಳಿದೆ. ನೋಟುಪುಸ್ತಕದ ಹಾಳೆಯಲ್ಲಿ ದಿನಾಂಕ, ಮಾಡಿದ ಕೆಲಸ, ಪಡೆದ ಹಣ ಬರೆದು ಸಹಿ ಹಾಕಿ ಕೊಟ್ಟೆ. ಅವರು ಆ ಚೀಟಿಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು.

ತಮ್ಮ ತಂಗಿಯರೇ, ನಿಮ್ಮ ಮನೆಗಳಲ್ಲೂ ಇಂದು ಮೊಬೈಲು, ಲ್ಯಾಪ್‌ಟಾಪುಗಳಿವೆ. ರಿಪೇರಿಗೆ ಕೊಡುವ ಮುನ್ನ ಅದರ ಕ್ರಮಸಂಖ್ಯೆ, ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ. ದೊಡ್ಡ ಮೊತ್ತವಾದರೆ ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿ. ಬದಲಾಯಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೇಳಿ. ಬಿಲ್ ಇಲ್ಲದೆ ಹಣ ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲು ನಾಚಬೇಡಿ. ಅಂದು ನಾನು ನಾಚಿಕೊಳ್ಳದೆ “ನನಗೆ ಗೊತ್ತಿಲ್ಲಪ್ಪಾ, ಇನ್ನೊಬ್ಬರನ್ನು ಕೇಳೋಣ” ಎಂದಿದ್ದರೆ ತಂದೆಯವರ ಇಪ್ಪತ್ತು ದಿನಗಳ ಕೂಲಿ ಉಳಿಯುತ್ತಿತ್ತು.

ಈಗ ನಾನು ಹೊಸೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ದಿನವೂ ಬಿಲ್ಲುಗಳ ನಡುವೆಯೇ ಬದುಕು. ತಂದೆಯವರು ಕೂಲಿ ಬಿಟ್ಟು ಅರ್ಧ ಎಕರೆ ಗುತ್ತಿಗೆ ಹಿಡಿದು ಚೆಂಡುಹೂವು ಬೆಳೆಯುತ್ತಾರೆ. ಗೊಬ್ಬರದ ಅಂಗಡಿಯಲ್ಲಿ ಅವರು ಬಿಲ್ ಇಲ್ಲದೆ ಚೀಲ ಎತ್ತುವುದಿಲ್ಲ. ಮನೆಗೆ ತಂದು ನನ್ನ ಕೈಗೆ ಕೊಟ್ಟು, “ಓದಮ್ಮಾ, ಸರಿಯಾ ಇದು?” ಎಂದು ಕೇಳುತ್ತಾರೆ. ನಾನು ಪೂರ್ತಿ ಓದಿದ ಮೇಲೆಯೇ ಉತ್ತರ ಹೇಳುತ್ತೇನೆ.